ಒಂಟಿ ಕಾಲಿನ ಕಾಗೆ

ಬೆಂಗಳೂರಿನ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲದಲ್ಲಿ ನಮ್ಮಪ್ಪ ಅಲ್ಲೊಂದು ಮನೆ ಕಟ್ಟಿಸಿದರು. ಮುಂದೆ ಎಂದಾದರೂ ಕಾರು ಕೊಂಡರೆ ಇರಲಿ ಎಂದು ಪಕ್ಕದಲ್ಲಿ ಶೀಟು ಹೊದಿಸಿದ ಒಂದು ಶೆಡ್ಡನ್ನೂ ಹಾಕಿಸಿದರು. ಕಾರು ಬರಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ನಾನು ಆ ಶೆಡ್ಡಿಗೆ ಸುಣ್ಣ ಹೊಡೆಸಿ, ಚಾಪೆ ಹಾಸಿ, ಶಿಶುವಿಹಾರ ಶುರುಮಾಡಿದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಮೂವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಒಂದು ವರ್ಷದ ಟ್ರೈನಿಂಗ್ ಮುಗಿಸಿದ್ದೆನಾದ್ದರಿಂದ ಮಕ್ಕಳ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಧಿಮಾಕು ಮಾತ್ರ ಬೇಕಾದಷ್ಟಿತ್ತು.

ಇಪ್ಪತ್ತು ಚಿಲ್ಲರೆ ಮಕ್ಕಳು, ನಾನು, ಜೊತೆಗೊಬ್ಬರು ಆಯಾ. ಆಯಾ ಸುಲ್ತಾನ್‌ಪಾಳ್ಯದಿಂದ ನಡೆದು ಬರುತ್ತಿದ್ದರು. ಅವರ ಮನೆಯಲ್ಲಿ ಉರ್ದು, ನಮ್ಮಲ್ಲಿ ಕನ್ನಡ, ಅಳುವ ಮಗುವನ್ನು ಎತ್ತಿಕೊಂಡಾಗ ಎರಡೂ ಬೆರೆತ ಮೂರನೆಯ ಒಂದು ಭಾಷೆ. ಆ ಮೂರನೆಯದಕ್ಕೆ ಸುಮ್ಮನಾಗದ ಮಗುವನ್ನು ನಾನು ನೋಡಿಲ್ಲ. ಜಕ್ಕೂರಿನ ಏರೋಡ್ರೋಮ್ ಕಡೆಯಿಂದ ಪುಟ್ಟ ವಿಮಾನವೇನಾದರೂ ಮೇಲೆ ಹಾರಿಹೋದರೆ ಇಡೀ ತರಗತಿ ಎದ್ದು ಹೊರಗೆ ಓಡುತ್ತಿತ್ತು, ಆಯಾನೂ ಓಡುತ್ತಿದ್ದರು. ನಾನೊಬ್ಬಳೇ ಸಿಡುಕುತ್ತಾ ಒಳಗೆ ಕೂರುತ್ತಿದ್ದೆ.

ಒಂದು ಜೂನ್‌ನಲ್ಲಿ ಒಬ್ಬ ಹುಡುಗಿ ಬಂದು ಸೇರಿದಳು. ಇನ್ನೂ ಐದು ತುಂಬಿರಲಿಲ್ಲ. ಎರಡು ಬೀದಿ ಆಚೆ ಅವಳ ಅಜ್ಜಿಯ ಮನೆ. ಅಜ್ಜಿಯೇ ಬೆಳಿಗ್ಗೆ ಕರೆತಂದು ಬಿಡುತ್ತಿದ್ದರು, ಮಧ್ಯಾಹ್ನ ಕರೆದೊಯ್ಯುತ್ತಿದ್ದರು. ಅಪ್ಪ ಏನು ಮಾಡುತ್ತಾರೆ ಎಂದು ಮೊದಲ ದಿನ ಕೇಳಿದ್ದಕ್ಕೆ ಅಜ್ಜಿ, "ಆಫೀಸ್ ಕೆಲಸದ ಮೇಲೆ ಕ್ಯಾಂಪಿಗೆ ಹೋಗಿದಾರೆ" ಎಂದು ಹೇಳಿ ಸೆರಗು ಸರಿಮಾಡಿಕೊಂಡರು.

ಹುಡುಗಿ ಚುರುಕು. ಹಾಡು ಒಂದೇ ಸಲಕ್ಕೆ ಕಲಿಯುತ್ತಿದ್ದಳು. ಕಡಲೆ, ಹೆಸರು, ಅವರೆ ಬೆರೆಸಿ ಇಟ್ಟರೆ ಎಲ್ಲರಿಗಿಂತ ಮೊದಲು ಬೇರೆ ಬೇರೆ ಮಾಡಿಡುತ್ತಿದ್ದಳು. ಆದರೆ ಬಣ್ಣದ ಕಡ್ಡಿಗಳ ಡಬ್ಬಿ ತೆಗೆದೆನೋ, ಅವಳ ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು. ಹಾಳೆ ಬೇಡ, ಸ್ಲೇಟು ಬೇಡ, ನೆಲದ ಮೇಲೆ ಸೀಮೆಸುಣ್ಣವೂ ಬೇಡ. ಮೊದಲು ಮುದ್ದು ಮಾಡಿದೆ, ಆಮೇಲೆ ಗದರಿದೆ. ಒಂದು ದಿನ ತಾಳ್ಮೆ ಕೆಟ್ಟು ಅವಳ ಮುಷ್ಟಿ ಬಿಡಿಸಿ ಒಂದು ಕೆಂಪು ಕಡ್ಡಿಯನ್ನು ಒಳಗೆ ತುರುಕಿದೆ. ಅವಳು ಅಳಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಅಗಲಿಸಿ ಕಡ್ಡಿ ತಾನಾಗಿ ಬೀಳುವಂತೆ ಮಾಡಿ, ಗೋಡೆಯ ಕಡೆ ತಿರುಗಿ ನಿಂತಳು. ಆಯಾ ಬಂದು ಅವಳನ್ನು ಎತ್ತಿಕೊಂಡು ಹೋದರು. ಹೋಗುವಾಗ ನನ್ನನ್ನು ತಿರುಗಿ ನೋಡಿದರು, ನಾನು ಬಗ್ಗಿ ನೆಲದ ಮೇಲಿನ ಕಡ್ಡಿ ಎತ್ತಿಕೊಂಡೆ.

ಅಂದು ಮಧ್ಯಾಹ್ನ ಗೇಟಿನ ಹತ್ತಿರ ಅಜ್ಜಿಯನ್ನು ತಡೆದು ಕೇಳಿದೆ. ಅವರು ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. "ಕ್ಯಾಂಪೂ ಇಲ್ಲ ಏನೂ ಇಲ್ಲ ಕಣಮ್ಮ. ನನ್ನ ಮಗಳೂ ಅಳಿಯನೂ ಬೇರೆ ಆಗಿದಾರೆ. ಅವನು ಯಶವಂತಪುರದಲ್ಲಿ ರೂಮ್ ಮಾಡ್ಕೊಂಡಿದಾನೆ. ಮಗುಗೆ ಏನಂತ ಹೇಳೋದು? ಕ್ಯಾಂಪು ಅಂತ ಹೇಳಿ ಆರು ತಿಂಗಳಾಯ್ತು." ಗಂಡ ಹೆಂಡಿರು ಬೇರೆಯಾಗುವುದೆಂದರೆ ಆಗ ಬೀದಿಗೆಲ್ಲ ಸುದ್ದಿ. ಹಾಗಾಗಿ ಆ ಮಾತು ಮನೆಯೊಳಗೇ ಉಳಿಯಬೇಕಿತ್ತು, ಮಗುವಿಗೂ ಕೇಳಿಸಬಾರದಾಗಿತ್ತು.

ಈಗ ನನಗೆ ಕೆಲಸ ಸಿಕ್ಕಿತು. ಈ ಮಗುವಿಗೆ ನಾನು ಸಹಾಯ ಮಾಡುತ್ತೇನೆ ಎಂದು ತೀರ್ಮಾನಿಸಿದೆ. ನನ್ನ ಬಳಿ ಒಂದು ಟ್ರಂಕಿನಷ್ಟು ಚಿತ್ರಪುಸ್ತಕಗಳಿದ್ದವು. ಅದರಲ್ಲಿ ಅರ್ಧ ರಷ್ಯಾದಿಂದ ಕನ್ನಡವಾಗಿ ಬರುತ್ತಿದ್ದಂಥವು, ನುಣುಪು ಹಾಳೆ, ಪುಟದ ತುಂಬ ಹಿಮ. ಅವನ್ನೆಲ್ಲ ಹರವಿಕೊಂಡು ಕೂತು ಒಂದು ಪುಸ್ತಕಕ್ಕಾಗಿ ಹುಡುಕಿದೆ, ಅಪ್ಪ ಬೇರೆ ಮನೆಯಲ್ಲಿರುವ ಒಂದೇ ಒಂದು ಪುಸ್ತಕ. ಸಿಗಲಿಲ್ಲ. ಆ ಪುಸ್ತಕಗಳಲ್ಲಿ ನರಿಯ ಮನೆಯಲ್ಲೂ ಅಪ್ಪ ಅಮ್ಮ ಇಬ್ಬರೂ ಕೂತು ಊಟ ಮಾಡುತ್ತಿದ್ದರು. ಇಲ್ಲದಿದ್ದರೆ ನಾನೇ ಮಾಡಿದರಾಯಿತು ಎಂದುಕೊಂಡೆ.

ಮಕ್ಕಳ ಕೈಗೆ ಕೊಡುವ ಪುಸ್ತಕಕ್ಕೆ ಗಟ್ಟಿ ಹಾಳೆ ಬೇಕು. ನಮ್ಮ ಮನೆಗಳಲ್ಲಿ ಪುಕ್ಕಟೆ ಸಿಗುವ ಗಟ್ಟಿ ಹಾಳೆ ಎಂದರೆ ಮದುವೆ ಕಾರ್ಡು. ಗಣಪತಿಯ ಚಿತ್ರವಿರುವುದರಿಂದ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುವುದರಿಂದ ಅದನ್ನು ಕಸಕ್ಕೆ ಹಾಕುವಂತಿಲ್ಲ. ವರ್ಷಗಟ್ಟಲೆ ಬಂದದ್ದನ್ನೆಲ್ಲ ಅಮ್ಮ ದಾರ ಕಟ್ಟಿ ಕಪಾಟಿನ ಮೇಲೆ ಇಟ್ಟಿದ್ದಳು. ಅದರಿಂದ ಆರು ಕಾರ್ಡು ಆರಿಸಿ, ಗಣಪತಿಗಳನ್ನು ಕತ್ತರಿಸಿ ಬೇರೆ ಎತ್ತಿಟ್ಟು, ಉಳಿದದ್ದಕ್ಕೆ ಎರಡೂ ಕಡೆ ಬಿಳಿ ಹಾಳೆ ಅಂಟಿಸಿದೆ. ಮೈದಾ ಕಲಸಿ ಅಂಟು ಮಾಡಿಕೊಟ್ಟ ಆಯಾ ಒಂದು ಮಾತು ಕೇಳಿದರು.

"ಶಾದಿ ಕಾರ್ಡಲ್ಲಿ ಮಾಡ್ತೀರಾ ಮಿಸ್?"

"ಹಾಳೆ ಅಂಟಿಸಿದ ಮೇಲೆ ಯಾರಿಗ್ರೀ ಗೊತ್ತಾಗುತ್ತೆ?" ಎಂದೆ. ಆಯಾ ಬಟ್ಟಲು ತೊಳೆಯಲು ಹೋದರು.

ಕಥೆ ನನ್ನದೇ. ಒಂದು ಗೂಡಿನಲ್ಲಿ ಅಪ್ಪಗುಬ್ಬಿ, ಅಮ್ಮಗುಬ್ಬಿ, ಮರಿ. ಒಂದು ದಿನ ಅಪ್ಪಗುಬ್ಬಿ ದೂರದ ಇನ್ನೊಂದು ಮರಕ್ಕೆ ಹೋಗಿ ಇರುತ್ತದೆ. ಮರಿ ಅಳುತ್ತದೆ, ಮಳೆ ಬರುತ್ತದೆ. ಕೊನೆಯ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು. ಅಪ್ಪಗುಬ್ಬಿಯನ್ನು ಆ ಮರದಲ್ಲೇ ಬಿಟ್ಟು ಪುಸ್ತಕ ಮುಗಿಸಲು ನನ್ನಿಂದ ಆಗಲಿಲ್ಲ. ಮಳೆ ನಿಂತಿತು, ಅಪ್ಪಗುಬ್ಬಿ ಗೂಡಿಗೆ ಮರಳಿತು ಎಂದು ಬರೆದು, ಕಾಮನಬಿಲ್ಲೊಂದನ್ನು ಎಳೆದುಬಿಟ್ಟೆ. ಕಾಮನಬಿಲ್ಲು ಚೆನ್ನಾಗಿಯೇ ಬಂದಿತ್ತು.

ಸೋಮವಾರ ಮಕ್ಕಳನ್ನೆಲ್ಲ ಸುತ್ತ ಕೂರಿಸಿ ಓದಿದೆ. ಅಪ್ಪಗುಬ್ಬಿ ಹಾರಿಹೋಗುವ ಪುಟದಲ್ಲಿ ನಿಲ್ಲಿಸಿ, ಟ್ರೈನಿಂಗಿನಲ್ಲಿ ಹೇಳಿಕೊಟ್ಟಂತೆ, "ಗುಬ್ಬಿ ಯಾಕೆ ಹೋಯ್ತು?" ಎಂದು ಕೇಳಿದೆ. ಕಾಳು ತರೋಕೆ ಎಂದು ಒಬ್ಬ ಹೇಳಿದ. ಆಫೀಸಿಗೆ ಎಂದು ಇನ್ನೊಬ್ಬಳು. ಹಾಡಿನ ಹೊತ್ತು ಬಿಟ್ಟರೆ ಎಂದೂ ಬಾಯಿಬಿಡದ ನಮ್ಮ ಹುಡುಗಿ ಮುಂದಕ್ಕೆ ಬಾಗಿ ಕೇಳಿದಳು.

"ಮರಿ ಗೀಚಿತ್ತಾ ಮಿಸ್?"

"ಏನಮ್ಮ?"

"ಮರಿ ಬಣ್ಣದಲ್ಲಿ ಗೀಚಿಬಿಡ್ತಾ? ಅದಕ್ಕೆ ಹೋಯ್ತಾ?"

ಉಳಿದ ಮಕ್ಕಳು ನಕ್ಕರು. ನಾನೂ ನಕ್ಕು, ಇಲ್ಲಮ್ಮ, ಗುಬ್ಬಿ ಎಲ್ಲಾದರೂ ಗೀಚುತ್ತಾ ಎಂದು ಹೇಳಿ ಪುಟ ತಿರುಗಿಸಿದೆ. ನನ್ನ ಕಾಮನಬಿಲ್ಲನ್ನು ತೋರಿಸುವ ಆತುರ ನನಗೆ. ಅಷ್ಟು ದೊಡ್ಡ ಮಾತನ್ನು ಅಷ್ಟು ಚಿಕ್ಕ ಬಾಯಿ ನನ್ನ ಮುಂದೆ ಆಡಿತ್ತು, ನಾನದನ್ನು ಕೇಳಿಸಿಕೊಂಡಿರಲಿಲ್ಲ. ಈಗಲೂ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಓದಿ ಮುಗಿಸಿ, ಪುಸ್ತಕ ನಿನಗೇ ಎಂದು ಅವಳ ಚೀಲದಲ್ಲಿಟ್ಟು ಕಳಿಸಿದೆ.

ಆ ವಾರವೆಲ್ಲ ಮಳೆ. ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಅವಳ ತಾಯಿ ಬಂದರು. ಹೆಬ್ಬಾಳದ ಕಡೆ ಒಂದು ಆಫೀಸಿನಲ್ಲಿ ಟೈಪಿಸ್ಟ್. ನನ್ನದೇ ವಯಸ್ಸು, ಅಂಚಿಗೆ ಕೆಸರು ಮೆತ್ತಿದ ಸೀರೆ, ಕೈಯಲ್ಲಿ ನನ್ನ ಪುಸ್ತಕ. ಅದನ್ನು ಮೇಜಿನ ಮೇಲಿಟ್ಟು ಅಪ್ಪಗುಬ್ಬಿ ಹಾರಿಹೋಗುವ ಪುಟ ತೆರೆದರು. ಥಂಡಿಗೆ ಮೈದಾ ಅಂಟು ಬಿಟ್ಟುಕೊಂಡು ಬಿಳಿ ಹಾಳೆ ಸುರುಳಿ ಸುತ್ತಿಕೊಂಡಿತ್ತು. ಅದರಡಿಯಿಂದ ಹೊಂಬಣ್ಣದ ಅಕ್ಷರಗಳು ಇಣುಕುತ್ತಿದ್ದವು. ಗುರುಹಿರಿಯರು ನಿಶ್ಚಯಿಸಿದಂತೆ, ಶುಭವಿವಾಹ, ತಾವು ಸಕುಟುಂಬ ಸಪರಿವಾರ. ಮೂಲೆಯಲ್ಲಿ ಅರಿಶಿನ.

"ನಿಮಗೆ ಇದೇ ಸಿಕ್ತಾ ಮಿಸ್?"

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಬೇಕೆಂದು ಮಾಡಿದ್ದಲ್ಲ ಎಂದು ತೊದಲಿದೆ.

"ಅದು ಹೋಗ್ಲಿ ಬಿಡಿ. ನಿನ್ನೆ ಸಾಯಂಕಾಲ ಮಳೆ ನಿಲ್ತಲ್ಲ, ಆಗಿಂದ ಮನೇಲಿದ್ದಾಗೆಲ್ಲ ಗೇಟ್ ಮೆಟ್ಟಿಲ ಮೇಲೇ ಕೂತಿರ್ತಾಳೆ. ಒಳಗೆ ಬಾ ಅಂದ್ರೆ ಬರಲ್ಲ. ಮಳೆ ನಿಂತಿದೆ, ಅಪ್ಪ ಬರ್ತಾರೆ, ಪುಸ್ತಕದಲ್ಲಿದೆ ಅಂತಾಳೆ." ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಅವರು ಬರಲ್ಲ ಮಿಸ್. ನಾವಿಬ್ರೂ ಯೋಚನೆ ಮಾಡೇ ಬೇರೆ ಆಗಿದೀವಿ. ನಮ್ಮಮ್ಮ ಕ್ಯಾಂಪು ಅಂತ ಒಂದು ಸುಳ್ಳು ಹೇಳಿದಾರೆ, ನೀವು ಇನ್ನೊಂದು ಸೇರಿಸ್ಬೇಡಿ."

ಎದುರು ವಾದಿಸುವುದು ನನ್ನ ಹುಟ್ಟುಗುಣ. ಅಂದು ಮಾತ್ರ ಸುರುಳಿ ಸುತ್ತಿದ್ದ ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದೆ. ಆಗಲೇ ಇರಬೇಕು, ಸೋಮವಾರ ನಾನು ನಕ್ಕು ದಾಟಿಸಿದ ಮಾತು ತಾನಾಗಿ ಮರಳಿ ಬಂತು.

"ಅವಳು ಯಾವತ್ತಾದ್ರೂ ಏನಾದ್ರೂ ಗೀಚಿದ್ಲಾ?" ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮಕ್ಕಳ ಕುರ್ಚಿಯ ಮೇಲೆ ನಿಧಾನಕ್ಕೆ ಕೂತು ಹೇಳತೊಡಗಿದರು. ಗಂಡ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್, ಸಂಜೆ ಹೊತ್ತು ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುತ್ತಿದ್ದರು. ಒಂದು ಸಂಜೆ ಅವರು ಮುಖ ತೊಳೆಯಲು ಎದ್ದು ಹೋದಾಗ ಮಗು ಬಣ್ಣದ ಕಡ್ಡಿ ಹಿಡಿದು ನಕ್ಷೆಯ ಮೇಲೆ ಕೂತಿದ್ದಳು. ಅವರು ಕೂಗಿ, ಕೈಯಿಂದ ಕಡ್ಡಿ ಕಿತ್ತುಕೊಂಡರು. ಮಗುವಿನ ಮೇಲೆ ಯಾಕೆ ಕೂಗ್ತೀರಿ ಎಂದು ಇವರು ಕೂಗಿದರು. "ಮೂರು ವರ್ಷದಿಂದ ಒಳಗಿದ್ದಿದ್ದೆಲ್ಲ ಆವತ್ತು ಆಚೆ ಬಂತು. ಬೆಳಿಗ್ಗೆ ಅವರು ಎದ್ದು ಹೊರಟುಹೋದ್ರು, ನಾನು ಇವಳನ್ನ ಕರ್ಕೊಂಡು ಅಮ್ಮನ ಮನೆಗೆ ಬಂದ್ಬಿಟ್ಟೆ. ಗೀಚಿದ್ದು ನಂಗೆ ಮರೆತೇ ಹೋಗಿತ್ತು ಮಿಸ್."

ಐದು ತುಂಬದ ಮಗು ಆರು ತಿಂಗಳಿಂದ ಒಂದು ಮನೆ ಮುರಿದ ತಪ್ಪನ್ನು ಒಬ್ಬಳೇ ಹೊತ್ತಿದ್ದಳು. ಹಾಡು ಕಲಿತಿದ್ದಳು, ಕಾಳು ಆರಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಮತ್ತೆಂದೂ ಗೀಚದಿದ್ದರೆ ಅಪ್ಪ ಬಂದಾರು ಎಂದು ಕೈ ಕಟ್ಟಿಕೊಂಡಿದ್ದಳು. ಅಷ್ಟು ಗಟ್ಟಿಯಾದ ವ್ರತವನ್ನು ನಾನು ದೊಡ್ಡವರಲ್ಲೂ ಕಂಡಿರಲಿಲ್ಲ. ತಾಯಿ ಅಳುತ್ತಿದ್ದರು. ನನಗೆ ಅಳುವಿಗಿಂತ ಮೊದಲು ಬಂದದ್ದು ಒಂದು ಬಗೆಯ ಭಯಭಕ್ತಿ.

ಅಂದೇ ಸಂಜೆ ತಾಯಿ ಮಗುವಿಗೆ ಬಿಡಿಸಿ ಹೇಳಿದರು. ನೀನು ಗೀಚಿದ್ದಕ್ಕೂ ಅಪ್ಪ ಹೋಗಿದ್ದಕ್ಕೂ ಸಂಬಂಧವಿಲ್ಲ, ಅಪ್ಪ ಕ್ಯಾಂಪಿನಲ್ಲಿಲ್ಲ, ಬೇರೆ ಮನೆಯಲ್ಲಿದ್ದಾರೆ ಎಂದು. ಸೋಮವಾರ ಬಣ್ಣದ ಡಬ್ಬಿ ತೆಗೆದಾಗ ಕೈಗಳು ಮತ್ತೆ ಬೆನ್ನ ಹಿಂದೆ ಹೋದವು. ತಾಯಿ ಬಂದು, "ಹೇಳ್ದೆ ಮಿಸ್. ಹ್ಞೂಂ ಅಂದ್ಲು. ಆದ್ರೆ ನಂಬ್ಲಿಲ್ಲ" ಎಂದರು. ಹೇಗೆ ನಂಬುತ್ತಾಳೆ? ಕಡ್ಡಿ ಕಿತ್ತುಕೊಂಡ ಕೈ ಅಪ್ಪನದು. ಆ ಮಾತು ಅವರ ಬಾಯಿಂದಲೇ ಬರಬೇಕಿತ್ತು. ನಾನು ಹೋಗಿ ಕೇಳಲೇ ಎಂದೆ. ತಾಯಿ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಭಾನುವಾರ ಬೆಳಿಗ್ಗೆ ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಬದಲಿಸಿ ಯಶವಂತಪುರಕ್ಕೆ ಹೋದೆ. ಸ್ಟೇಷನ್ನಿನ ಹಿಂದೆ ಒಂದು ಮಹಡಿ ರೂಮು. ರೈಲು ಹೋದಾಗಲೆಲ್ಲ ಕಿಟಕಿ ಗಾಜು ಗಡಗಡ ನಡುಗುತ್ತಿತ್ತು. ಕನ್ನಡಕ ಹಾಕಿದ, ಉದ್ದನೆ ಕಾಲಿನ, ಸಂಕೋಚದ ಮನುಷ್ಯ. ಹೆಂಡತಿಯ ಕಡೆಯಿಂದ ಜಗಳಕ್ಕೆ ಬಂದವಳು ಎಂದುಕೊಂಡರೋ ಏನೋ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ನಿಂತೇ ಇದ್ದರು. ಮಗು ಗೀಚಿದ ನಕ್ಷೆಯ ವಿಷಯ ಎತ್ತಿದೆ.

"ಯಾವ ನಕ್ಷೆ ಮೇಡಂ?"

ಸುಳ್ಳು ಹೇಳುತ್ತಿರಲಿಲ್ಲ. ಮರೆತಿದ್ದರು. ಮಗಳು ಅಷ್ಟು ದಿನ ಹೊತ್ತು ತಿರುಗಿದ್ದನ್ನು ತಾಯಿಯೂ ಮರೆತಿದ್ದರು, ಇವರೂ ಮರೆತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಬೆನ್ನ ಹಿಂದೆ ಹೋಗುವ ಕೈಗಳು, ಗುಬ್ಬಿ ಮರಿ, ಗೇಟಿನ ಮೆಟ್ಟಿಲು. ಕೇಳಿ ಮುಗಿಯುವ ಮೊದಲೇ ಅವರು ಮೂಲೆಯಲ್ಲಿದ್ದ ಸುರುಳಿಗಳ ಕಟ್ಟನ್ನು ಬಿಚ್ಚಿ ಒಂದೊಂದೇ ತೆರೆಯತೊಡಗಿದರು. ಮರುದಿನವೇ ಬೇರೆ ಹಾಳೆಯಲ್ಲಿ ನಕ್ಷೆ ಬರೆದುಕೊಟ್ಟಿದ್ದರಂತೆ, ಕೆಟ್ಟಿದ್ದನ್ನು ಸುತ್ತಿ ಒಳಗೆ ಹಾಕಿದವರು ಮತ್ತೆ ತೆರೆದಿರಲಿಲ್ಲ. ಕಟ್ಟಿನ ತಳದಲ್ಲಿ ಅದು ಸಿಕ್ಕಿತು.

ನೆಲದ ಮೇಲೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಇಂಕ್ ಬಾಟಲಿ ಇಟ್ಟರು. ಉದ್ದನೆಯ ಹಾಳೆ, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲ. ಪೆನ್ಸಿಲ್ಲಿನಲ್ಲಿ ಯಾರದೋ ಮನೆಯ ನಕ್ಷೆ. ಎಡಕ್ಕೆ ಗೇಟು ಮತ್ತು ಅಂಗಳ, ಆಮೇಲೆ ವರಾಂಡ, ನಡುವೆ ಹಾಲ್, ಬಲಕ್ಕೆ ಅಡುಗೆಮನೆ. ಅದರ ಮೇಲೆ ಬಣ್ಣ.

ನಾನು ಗೀಚು ಎಂದರೆ ಗೀಚೇ ಇರುತ್ತದೆ ಎಂದುಕೊಂಡು ಬಗ್ಗಿದ್ದೆ. ಅದು ಗೀಚಾಗಿರಲಿಲ್ಲ. ವರಾಂಡದಲ್ಲಿ ಕನ್ನಡಕ ಹಾಕಿದ, ಉದ್ದ ಕಾಲಿನ ಒಬ್ಬ ಮನುಷ್ಯ ನಿಂತಿದ್ದ. ಹಾಲ್‌ನಲ್ಲಿ ದುಂಡನೆ ತಲೆಯ ಪುಟ್ಟ ಒಬ್ಬಳು, ಎರಡೂ ಕೈ ಅಗಲಿಸಿಕೊಂಡು. ಅಡುಗೆಮನೆಯಲ್ಲಿ ಉದ್ದ ಜಡೆಯ ಒಬ್ಬಳು. ಒಂದು ಗೆರೆಯೂ ಗೋಡೆ ದಾಟಿರಲಿಲ್ಲ. ಮೇಲಿನಿಂದ ನೋಡಿದ ಮನೆಯ ನಕ್ಷೆ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗುವುದಿಲ್ಲ, ಬಾಗಿಲು ಯಾವುದು, ಕಿಟಕಿ ಯಾವುದು ಎಂದು ತಡಕಾಡುತ್ತೇನೆ. ಆ ಮಗು ಅಪ್ಪ ಬೇರೆಯವರಿಗೆ ವಿವರಿಸುವಾಗ ಪಕ್ಕದಲ್ಲಿ ಕೂತು ಕೇಳಿಯೇ ನಕ್ಷೆ ಓದುವುದನ್ನು ಕಲಿತುಬಿಟ್ಟಿತ್ತು. ಓದಿ, ಖಾಲಿ ಮನೆಗೆ ಜನರನ್ನು ತಂದಿಟ್ಟಿತ್ತು. ಇಷ್ಟು ತಿಳಿದ ಕೈಗೆ ನಾನು ಕೆಂಪು ಕಡ್ಡಿ ತುರುಕಲು ಹೋಗಿದ್ದೆ.

ಅಂಗಳದಲ್ಲಿ ಒಂದು ಕಪ್ಪು ಕಾಗೆಯಿತ್ತು. ಕಣ್ಣು, ಕೊಕ್ಕು, ರೆಕ್ಕೆ ಎಲ್ಲ ಇದ್ದವು. ಕಾಲು ಮಾತ್ರ ಒಂದೇ. ಎರಡನೆಯ ಕಾಲು ಶುರುವಾಗಬೇಕಾದಲ್ಲಿಂದ ಒಂದು ಕಪ್ಪು ಗೆರೆ ಹೊರಟು, ಅಡ್ಡಾದಿಡ್ಡಿ ಎಳೆದುಕೊಂಡು ಹೋಗಿ ಹಾಳೆಯ ಅಂಚಿನಲ್ಲಿ ಮುಗಿದಿತ್ತು.

"ಅಲ್ಲಿ ಕಿತ್ಕೊಂಡೆ" ಎಂದರು ಆ ತಂದೆ. ಆ ಗೆರೆಯ ಮೇಲೆ ಬೆರಳಿಟ್ಟು ಅಂಚಿನವರೆಗೂ ಎಳೆದರು. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. "ಎಲ್ಲರನ್ನೂ ಹಾಕಿದಾಳೆ ಮೇಡಂ. ನಾನು ನೋಡ್ಲೇ ಇಲ್ಲ."

ಬರುವ ಶನಿವಾರ ಮಧ್ಯಾಹ್ನ ಶಿಶುವಿಹಾರಕ್ಕೆ ಬನ್ನಿ ಎಂದು ಕರೆದೆ. ಬರ್ತೀನಿ ಎಂದರು. ನಕ್ಷೆ ಸುತ್ತಿ ನನ್ನ ಕೈಗೆ ಕೊಡುವ ಮೊದಲು ಏನೋ ನೆನಪಾದವರಂತೆ ಮತ್ತೆ ಬಿಡಿಸಿ, ರಬ್ಬರು ಪೆನ್ಸಿಲು ಹಿಡಿದು ಬಲಗಡೆಯ ಕೆಳಮೂಲೆಗೆ ಬಗ್ಗಿದರು. ಬರೆದವರು ಯಾರು ಎಂದು ಹೆಸರು ಹಾಕುವ ಸಣ್ಣ ಚೌಕ ಅಲ್ಲಿತ್ತು. ಅವರು ಏನು ಮಾಡುತ್ತಿದ್ದಾರೆ ಎಂದು ನಾನು ಇಣುಕಲಿಲ್ಲ.

ಈ ಸಲ ಪುಸ್ತಕಕ್ಕೆ ಹೊಸ ಕಥೆ ಬೇಕಿರಲಿಲ್ಲ, ಬರೆದವಳು ಬರೆದಾಗಿತ್ತು. ಮಗುವಿನ ಕೈಗೆ ಹಿಡಿಯುವಂತೆ ಮಾಡುವುದಷ್ಟೇ ನನ್ನ ಪಾಲಿನ ಕೆಲಸ. ಕತ್ತರಿಸಲು ಮನಸ್ಸು ಬರಲಿಲ್ಲ. ಆಗ ನೆನಪಾದದ್ದು ಕಡತ. ನಮ್ಮ ತಾತ ಯಲಹಂಕದ ಆಚೆ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದವರು. ಅವರ ಕಡತವೊಂದು ನಮ್ಮ ಅಟ್ಟದ ಮೇಲಿತ್ತು. ಮಸಿ ಬಳಿದು ಗಟ್ಟಿ ಮಾಡಿದ ಒಂದೇ ಉದ್ದನೆಯ ಬಟ್ಟೆ, ಹಿಂದೆ ಮುಂದೆ ಮಡಿಸುತ್ತಾ ಹೋದರೆ ಪುಸ್ತಕ, ಎಳೆದರೆ ಮತ್ತೆ ಒಂದೇ ಬಟ್ಟೆ. ಹೊಲಿಗೆಯಿಲ್ಲ, ಕತ್ತರಿಯಿಲ್ಲ. ನಕ್ಷೆಯ ಹಿಂದೆ ಅಮ್ಮನ ಹಳೆಯ ನೂಲಿನ ಸೀರೆಯ ತುಂಡು ಅಂಟಿಸಿ, ಒಣಗಿದ ಮೇಲೆ ಅದೇ ರೀತಿ ನಾಲ್ಕು ಪಟ್ಟಿಯಾಗಿ ಮಡಿಸಿದೆ. ಆಯಾ ಮೈದಾ ಅಂಟಿನ ಬಟ್ಟಲು ಹಿಡಿದುಕೊಂಡು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರೊಳಗೆ ಶಾದಿ ಇಲ್ಲ ಅಲ್ವಾ ಮಿಸ್?"

ಇಲ್ಲ ಎಂದೆ. ಆಮೇಲೆ ಇಬ್ಬರೂ ಸೇರಿ ಅದರ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಗುಂಡುಕಲ್ಲು ಹೇರಿದೆವು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಓದುವವರು ಯಾರೂ ಮಳೆ ನಿಲ್ಲುವುದನ್ನು ಕಾಯುತ್ತಾ ಕೂರುವುದು ಬೇಡ. ಆ ಗಂಡ ಹೆಂಡತಿ ಮತ್ತೆ ಒಂದಾಗಲಿಲ್ಲ. ಆ ಶನಿವಾರವೂ ತಾಯಿ, "ಅವರು ಬರ್ಲಿ, ನಾನಿರಲ್ಲ" ಎಂದು ಹೇಳಿ ಆಫೀಸಿನಿಂದ ನೇರ ಮನೆಗೆ ಹೋದರು. ಅಜ್ಜಿ ಗೇಟಿನ ಆಚೆ ಕೊಡೆ ಹಿಡಿದು ನಿಂತರೇ ಹೊರತು ಒಳಗೆ ಬರಲಿಲ್ಲ.

ತಂದೆ ಹೇಳಿದ ಸಮಯಕ್ಕಿಂತ ಮೊದಲೇ ಬಂದರು. ಹುಡುಗಿ ಅವರನ್ನು ಕಂಡು ಓಡಿ ಹೋಗಲಿಲ್ಲ. ಆಯಾನ ಸೀರೆಯ ಹಿಂದೆ ನಿಂತು ಒಂದು ಕಣ್ಣಿನಿಂದ ನೋಡಿದಳು. ಅವರು ಬೂಟು ಬಿಚ್ಚಿ ಚಾಪೆಯ ಮೇಲೆ, ಆ ಉದ್ದ ಕಾಲುಗಳನ್ನು ಹೇಗೋ ಮಡಿಸಿಕೊಂಡು ಕೂತರು. ನಾನು ಕಡತ ತಂದು ನಡುವೆ ಇಟ್ಟೆ. ಅವಳು ಎರಡು ಹೆಜ್ಜೆ ಮುಂದೆ ಬಂದು ಮೊದಲ ಮಡಿಕೆ ತೆರೆದಳು. ಕಾಗೆ ಕಾಣಿಸಿತು. ಅಷ್ಟೇ, ಕೈಗಳೆರಡೂ ಬೆನ್ನ ಹಿಂದೆ.

ಯಾವುದನ್ನು ಮುಚ್ಚಿಡಲು ಆ ಮಗು ಅಷ್ಟು ಕಷ್ಟಪಟ್ಟಿತ್ತೋ ಅದನ್ನೇ ತಂದು ಅಪ್ಪನ ಎದುರಿಗೇ ಬಿಡಿಸಿ ಇಟ್ಟಿದ್ದೆ. ಇದೂ ತಪ್ಪಾಯಿತು, ಇನ್ನು ಈ ಜನ್ಮದಲ್ಲಿ ಅವಳು ಕಡ್ಡಿ ಮುಟ್ಟುವುದಿಲ್ಲ ಎಂದುಕೊಂಡೆ.

ತಂದೆ ಅವಸರಪಡಲಿಲ್ಲ. ಮಡಿಕೆಗಳನ್ನು ದಾಟಿ ಕೊನೆಯ ಪಟ್ಟಿಗೆ ಹೋಗಿ, ಕೆಳಮೂಲೆಯ ಸಣ್ಣ ಚೌಕವನ್ನು ತೋರಿಸಿದರು. "ಏನ್ ಬರ್ದಿದೆ ನೋಡು."

ಅವಳಿಗೆ ಓದಲು ಬರುತ್ತಿದ್ದುದು ಒಂದೇ ಪದ. ಅದೇ ಪದ ಅಲ್ಲಿತ್ತು, ನಕ್ಷೆ ಬರೆಯುವವರ ಒಪ್ಪವಾದ ಅಕ್ಷರದಲ್ಲಿ.

"ನನ್ನ ಹೆಸ್ರು."

"ಹ್ಞೂಂ. ಇದನ್ನ ಬರ್ದಿದ್ದು ನೀನು. ಅದಕ್ಕೆ ನನ್ನ ಹೆಸರು ಅಳಿಸಿ ನಿನ್ನ ಹೆಸರು ಹಾಕಿದೀನಿ. ಆವತ್ತು ನಾನು ನೋಡ್ದೆನೇ ಕೂಗ್ಬಿಟ್ಟೆ. ತಪ್ಪು ನಂದು ಮಗಳೇ."

"ನಾನ್ ಗೀಚಿದ್ದಕ್ಕೆ ನೀನ್ ಹೋಗಿದ್ದಲ್ವಾ?"

"ಅಲ್ಲ. ನಂಗೂ ಅಮ್ಮಂಗೂ ಒಟ್ಟಿಗೆ ಇರೋಕೆ ಆಗ್ಲಿಲ್ಲ. ಅದು ನಮ್ಮಿಬ್ಬರ ವಿಷಯ. ಅದರಲ್ಲಿ ನೀನು ಏನೂ ಮಾಡಿಲ್ಲ."

"ವಾಪಸ್ ಬರ್ತೀಯಾ?"

ನಾನಾಗಿದ್ದರೆ ಅಲ್ಲಿ ಮತ್ತೊಂದು ಕಾಮನಬಿಲ್ಲು ಎಳೆದುಬಿಡುತ್ತಿದ್ದೆ. ಆ ಮನುಷ್ಯ ಮಗಳ ಮುಖ ನೋಡಿಕೊಂಡೇ, "ಆ ಮನೆಗೆ ಬರಲ್ಲ. ಶನಿವಾರ ಶನಿವಾರ ಇಲ್ಲಿಗೆ ಬರ್ತೀನಿ" ಎಂದರು.

ಅವಳು ಯೋಚಿಸಿದಳು. ಕೈ ಒಂದೊಂದಾಗಿ ಮುಂದೆ ಬಂತು. ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಪಟ್ಟಿಯಾಗಿ ತಿರುಗಿಸಿದಳು. ಕಡತವನ್ನು ಪೂರ್ತಿ ಎಳೆಯದೆ ಹಿಡಿದರೆ ಒಂದು ಸಲಕ್ಕೆ ಪಕ್ಕಪಕ್ಕದ ಎರಡು ಪಟ್ಟಿ ಕಾಣುತ್ತವೆ, ಉಳಿದವು ಹಿಂದೆ ಮಡಿಸಿಕೊಂಡಿರುತ್ತವೆ. ವರಾಂಡವೂ ಹಾಲೂ ಕಂಡವು. ಒಂದು ಮಡಿಕೆ ತಿರುಗಿಸಿದಳು, ವರಾಂಡ ಮರೆಯಾಗಿ ಹಾಲೂ ಅಡುಗೆಮನೆಯೂ ಕಂಡವು. ಮತ್ತೆ ಹಿಂದಕ್ಕೆ. ಮತ್ತೆ ಮುಂದಕ್ಕೆ. ಹಾಗೆ ಎಷ್ಟು ಸಲ ಮಾಡಿದಳೋ.

"ಇಲ್ಲಿ ಅಪ್ಪ, ನಾನು" ಎಂದಳು. ತಿರುಗಿಸಿದಳು. "ಇಲ್ಲಿ ನಾನು, ಅಮ್ಮ." ಮತ್ತೆ ತಿರುಗಿಸಿ, ನಮ್ಮೆಲ್ಲರಿಗೂ ಅರ್ಥವಾಗಲಿ ಎನ್ನುವಂತೆ ನಿಧಾನವಾಗಿ ಹೇಳಿದಳು. "ಅಪ್ಪ ಇದ್ದಾಗ ಅಮ್ಮ ಕಾಣ್ಸಲ್ಲ. ಅಮ್ಮ ಇದ್ದಾಗ ಅಪ್ಪ ಕಾಣ್ಸಲ್ಲ. ನಾನ್ ಮಾತ್ರ ಎರಡು ಸಲನೂ ಇರ್ತೀನಿ."

ಇದನ್ನು ನಾನು ಯೋಚಿಸಿ ಮಡಿಸಿರಲಿಲ್ಲ. ಅಳತೆಗೆ ಸರಿಹೋಗಲಿ ಎಂದು ಮಡಿಸಿದ್ದೆ, ಅಷ್ಟೇ. ನನ್ನ ಕೈಯಲ್ಲೇ ಆದ ಕೆಲಸದೊಳಗೆ ಇಂಥದ್ದೊಂದು ಇದೆ ಎಂದು ಕಂಡುಹಿಡಿಯಲು ಐದು ತುಂಬದ ಮಗು ಬೇಕಾಯಿತು. ಆಮೇಲೆ ಎಷ್ಟೋ ವರ್ಷ ಪಾಠ ಮಾಡಿದೆ, ಇಂಥ ಮನೆಗಳಿಂದ ಬಂದ ಮಕ್ಕಳಿಗೆ ಎಷ್ಟೋ ಕಡತ ಮಡಿಸಿಕೊಟ್ಟೆ. ಅಂದು ಆದಷ್ಟು ಬೆರಗು ನನಗೆ ಮತ್ತೆಂದೂ ಆಗಲಿಲ್ಲ. ಗುಡಿಯಲ್ಲಿ ನಿಂತಾಗ ಬಾರದಿದ್ದ ಕಣ್ಣೀರು ಆ ಶೆಡ್ಡಿನಲ್ಲಿ ಬಂತು. ತಂದೆ ತಲೆ ತಗ್ಗಿಸಿ ಕೂತಿದ್ದರು. ಆಯಾ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು.

ಹುಡುಗಿಗೆ ನಮ್ಮ ಅಳು ನೋಡಲು ಪುರುಸೊತ್ತಿರಲಿಲ್ಲ. ಮೊದಲ ಪಟ್ಟಿಗೆ ಹಿಂದಿರುಗಿ, ಕಾಗೆಯನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ಅಂಗೈ ಚಾಚಿದಳು.

"ಮಿಸ್, ಕಪ್ಪು ಕೊಡಿ."

ಡಬ್ಬಿಯಿಂದ ಕಪ್ಪು ಕಡ್ಡಿ ಆರಿಸಿ ಕೊಟ್ಟೆ. ಅವಳು ಅಪ್ಪನ ತೊಡೆಗೆ ಒರಗಿ ಕೂತು, ನಾಲಿಗೆಯ ತುದಿ ಕಚ್ಚಿಕೊಂಡು, ಅಂಚಿನವರೆಗೆ ಹೋಗಿದ್ದ ಆ ಗೆರೆಯನ್ನು ಅದರ ಪಾಡಿಗೆ ಬಿಟ್ಟು, ಕಾಗೆಗೆ ಎರಡನೆಯ ಕಾಲು ಬರೆದಳು. ಕಾಲಿಗೆ ಮೂರು ಬೆರಳನ್ನೂ ಹಾಕಿದಳು.